ಮಗಳಿಗೊಂದು ಪತ್ರ: ನಂಗೇ ಹೇಳ್ಬೇಕು ಅಂತಿಲ್ಲ, ಯಾರಿಗಾದ್ರೂ ಹೇಳು

ಪ್ರೀತಿಯ ಪುಟ್ಟಿ,

ಫೋನಲ್ಲಿ ಕೇಳಿದ್ರೆ "ಏನಿಲ್ಲಮ್ಮ, ಚೆನ್ನಾಗಿದೀನಿ, ನಿದ್ದೆ ಬರ್ತಿದೆ ಇಡ್ತೀನಿ" ಅಂತೀಯ, ಅದಕ್ಕೇ ಬರೀತಿದೀನಿ. ಬರೆದಿದ್ದಾದ್ರೆ ತಕ್ಷಣ ಉತ್ತರ ಕೊಡೋ ಗೋಜಿಲ್ಲ, ಪಕ್ಕದಲ್ಲಿ ರೂಮ್‌ಮೇಟ್ ಕೂತಿದಾಳೆ ಅನ್ನೋ ಮುಜುಗರನೂ ಇಲ್ಲ, ಅರ್ಧ ಓದಿಟ್ಟು ಉಳಿದಿದ್ದು ನಾಳೆ ಓದ್ಬಹುದು. ಯಾರೂ ನಂಗೆ ಫೋನ್ ಮಾಡಿ ನಿನ್ನ ಬಗ್ಗೆ ಏನೂ ಹೇಳಿಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಫ್ರೆಂಡ್ಸ್ ಮೇಲೆ ಅನುಮಾನ ಪಡ್ಬೇಡ. ನಾನೇ ನೋಡಿದ್ದು.

ದೀಪಾವಳಿಗೆ ಬಂದೋಳು ಗೋಪೂಜೆ ದಿನ ಒಂಬತ್ತೂವರೆ ಆದ್ರೂ ಏಳ್ಲಿಲ್ಲ. ಚಿಕ್ಕೋಳಿದ್ದಾಗಿಂದ ಗೌರಿ ಮೈಮೇಲೆ ಜೇಡಿ, ಕೆಮ್ಮಣ್ಣಿನ ಅಚ್ಚು ಹಾಕೋದು ನೀನೇ, ಬೇರೆ ಯಾರಾದ್ರೂ ಲೋಟ ಮುಟ್ಟಿದ್ರೆ ಜಗಳ ಮಾಡ್ತಿದ್ದೋಳು, ಕೊಟ್ಟಿಗೆ ಬಾಗಿಲ ತನಕ ಬಂದು "ನೀವೇ ಹಾಕ್ರಿ" ಅಂತ ಹೇಳಿ ವಾಪಸ್ ಹೋಗಿ ಮಲಗ್ಬಿಟ್ಟೆ. ಹೋಳಿಗೆ ಅರ್ಧ ತಿಂದು ತಟ್ಟೆಲೇ ಬಿಟ್ಟೆ. ತಲೆ ಸಿಕ್ಕುಗಟ್ಟಿತ್ತು, ಅಜ್ಜಿ ಎಣ್ಣೆ ಹಚ್ತೀನಿ ಬಾರೆ ಅಂದ್ರೆ ಆಮೇಲೆ ಅಂದೆ, ಆ ಆಮೇಲೆ ಬರೋದ್ರೊಳಗೆ ಬಸ್ ಹತ್ತಿ ಆಯ್ತು. ಪ್ರಯಾಣದ ಸುಸ್ತು ಇರ್ಬೇಕು ಅಂತ ನಿಮ್ಮಪ್ಪ ಅಂದ್ರು. ನಂಗೆ ಹಾಗನ್ನಿಸ್ಲಿಲ್ಲ.

ಪುಟ್ಟಿ, ನಂಗೆ ಊರಲ್ಲಿ ಇರೋ ಕೆಲಸ ನಿಂಗೆ ಗೊತ್ತಲ್ಲ. ನಾವು ಆಶಾದೋರು ಮನೆ ಮನೆಗೆ ಹೋಗಿ ತುಂಬಿಸೋ ಫಾರ್ಮ್ ಒಂದಿದೆ, ಸಿಬಿಎಸಿ ಅಂತ, 30 ವರ್ಷ ದಾಟಿದೋರಿಗೆಲ್ಲ. ಶುಗರ್, ಬಿಪಿ, ಹೊಗೆಸೊಪ್ಪು, ಸೊಂಟದ ಸುತ್ತಳತೆ ಎಲ್ಲಾ ಕೇಳಿ ಕೊನೆಗೆ ಎರಡು ಪ್ರಶ್ನೆ ಬರುತ್ತೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅಂತ ಎಷ್ಟು ದಿನ ಅನ್ನಿಸ್ತು? ಬೇಜಾರಾಗಿ, ಮನಸ್ಸು ಕುಗ್ಗಿ, ಮುಂದೆ ದಾರಿನೇ ಇಲ್ಲ ಅಂತ ಎಷ್ಟು ದಿನ ಅನ್ನಿಸ್ತು? ಇಲ್ಲವೇ ಇಲ್ಲ ಅಂದ್ರೆ 0, ಕೆಲವು ದಿನ ಅಂದ್ರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದ್ರೆ 2, ಹೆಚ್ಚೂಕಮ್ಮಿ ದಿನಾ ಅಂದ್ರೆ 3. ಎರಡೂ ಕೂಡಿ 3ಕ್ಕಿಂತ ಜಾಸ್ತಿ ಆದ್ರೆ ಸಿಎಚ್‌ಓ ಮೇಡಂ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ ಹತ್ರ ಕಳಿಸ್ಬೇಕು, ನಮಗೆ ಹೇಳಿಕೊಟ್ಟಿರೋದು ಅಷ್ಟೇ. ನಿಂಗಿನ್ನೂ 19, ಈ ಫಾರ್ಮ್ ನಿನ್ನದಲ್ಲ, ಆದ್ರೂ ಇವತ್ತು ರಾತ್ರಿ ಒಂದ್ಸಲ ನೀನೇ ಕೂತು ಲೆಕ್ಕ ಹಾಕು. ನಂಗೆ ನಂಬರ್ ಹೇಳೋದೇನೂ ಬೇಡ. ಜಾಸ್ತಿ ಬಂತು ಅಂದ ಮಾತ್ರಕ್ಕೆ ಕಾಯಿಲೆ ಇದೆ ಅಂತ ಅಲ್ಲ, ಗೊತ್ತಿರೋರ ಹತ್ರ ಹೋಗಿ ಒಂದ್ಸಲ ಕೂತು ಮಾತಾಡ್ಬೇಕು ಅಂತ ಅಷ್ಟೇ.

ಆ ಎರಡು ಪ್ರಶ್ನೆ ಕೇಳೋವಾಗ ಏನಾಗುತ್ತೆ ಗೊತ್ತಾ, ಅಲ್ಲೀತನಕ ಪಟಪಟ ಅಂತ ಉತ್ತರ ಹೇಳ್ತಿದ್ದ ಹೆಂಗಸರು ಸುಮ್ಮನಾಗ್ಬಿಡ್ತಾರೆ. ಸೆರಗಿನ ತುದಿ ಸುತ್ತುತ್ತಾ ಕೂರ್ತಾರೆ. ಅತ್ತೆ ಒಳಗೆ ಹೋದ್ಮೇಲೆ ಹೇಳ್ತಾರೆ. ನಮ್ಮ ಕೇರಿ ಆಚೆ ಒಬ್ಬರಿದ್ರು, ಹೆಸರು ಬೇಡ, ವರ್ಷಗಟ್ಲೆ ತಲೆನೋವು, ಎದೆ ಡವಡವ, ಕೈಕಾಲು ಜೋಮು ಅಂತ ಮಾತ್ರೆ ನುಂಗಿದ್ದೇ ನುಂಗಿದ್ದು, ಸ್ಕ್ಯಾನಿಂಗ್ ಆಯ್ತು, ತಾಯತ ಆಯ್ತು, ದೇವರ ಹತ್ರ ಪ್ರಶ್ನೆ ಕೇಳ್ಸಿದ್ದೂ ಆಯ್ತು. ಕೊನೆಗೆ ನಾನೇ ಜೊತೆಲಿ ಕರ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ, ಮಂಗಳವಾರ ಮನೋಚೈತನ್ಯ ಅಂತ ಮಾನಸಿಕ ಡಾಕ್ಟರ್ ಬರ್ತಾರಲ್ಲ, ಅಲ್ಲಿಗೆ. ಡಾಕ್ಟರ್ ಅರ್ಧ ಗಂಟೆ ಬರೀ ಕೇಳಿಸ್ಕೊಂಡ್ರು, ಆಮೇಲೆ ಒಂದು ಮಾತ್ರೆ ಬರೆದು, ಇದು ಕೆಲಸ ಮಾಡೋಕೆ ಎರಡು ಮೂರು ವಾರ ಬೇಕಾಗುತ್ತೆ, ನಾಲ್ಕು ದಿನಕ್ಕೆ ಏನೂ ಗೊತ್ತಾಗ್ಲಿಲ್ಲ ಅಂತ ಬಿಡ್ಬೇಡಿ, ಗುಣ ಆಯ್ತು ಅಂತ ನೀವಾಗೇ ನಿಲ್ಲಿಸ್ಲೂಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದ್ರು. ಈಗ ಅವರು ಸ್ವಸಹಾಯ ಸಂಘದ ಲೆಕ್ಕ ಬರೀತಾರೆ, ಜೋರು ಮಾತು.

ನೀನು "ಅಮ್ಮ ಅವರದ್ದು ಬೇರೆ, ನಂದೇನು ಅಂಥದ್ದಲ್ಲ" ಅಂತೀಯ ಅಂತ ಗೊತ್ತು. ಅಂಥದ್ದಲ್ದೇ ಇರೋವಾಗ್ಲೇ ಹೋಗ್ಬೇಕು ಅಂತ ನಾನು ಹೇಳ್ತಿರೋದು. ಅಡಿಕೆ ತೋಟಕ್ಕೆ ಮಳೆ ಹಿಡಿಯೋಕೆ ಮುಂಚೆನೇ ಬೋರ್ಡೋ ಔಷಧಿ ಹೊಡಿಸ್ತಾರಲ್ಲ ನಿಮ್ಮಪ್ಪ, ಕೊಳೆರೋಗ ಬಂದು ಕಾಯಿ ಉದುರೋ ತನಕ ಯಾರಾದ್ರೂ ಕಾಯ್ತಾರಾ? ಮನಸ್ಸಿನ ತೊಂದರೆ ತುಂಬಾ ಜನಕ್ಕೆ ನಿನ್ನ ವಯಸ್ಸಲ್ಲೇ ಶುರುವಾಗೋದು, ಮನೆ ಬಿಟ್ಟು, ಊರು ಬಿಟ್ಟು, ಗೊತ್ತಿಲ್ದೇ ಇರೋರ ಮಧ್ಯೆ ಇರೋ ಹೊತ್ತಲ್ಲಿ. ನಿಮ್ಹಾನ್ಸ್‌ನೋರು 2015-16ರಲ್ಲಿ 12 ರಾಜ್ಯದಲ್ಲಿ ಸರ್ವೆ ಮಾಡಿದ್ರು, ದೊಡ್ಡೋರಲ್ಲಿ 100ಕ್ಕೆ ಸುಮಾರು 10 ಜನಕ್ಕೆ ಏನಾದ್ರೂ ಒಂದು ಮಾನಸಿಕ ತೊಂದರೆ ಇದೆ, ಅದ್ರಲ್ಲಿ ಚಿಕಿತ್ಸೆ ಸಿಗದೇ ಇರೋರೇ ಜಾಸ್ತಿ ಅಂತ ಬಂತು. ನಿಮ್ಮ ಕ್ಲಾಸಲ್ಲಿ 60 ಜನ ಅಂದ್ಕೋ, ಎಷ್ಟು ಜನ ನಿನ್ನ ಥರಾನೇ "ಚೆನ್ನಾಗಿದೀನಿ" ಅಂತ ಮನೆಗೆ ಹೇಳ್ತಿರ್ಬಹುದು ಯೋಚ್ನೆ ಮಾಡು.

ಓದಿನ ವಿಷ್ಯ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಪಿಯುಸಿಲಿ ಇಂಗ್ಲಿಷ್ ಅರ್ಥ ಮಾಡ್ಕೊಳ್ಳೋಕೇ ಅರ್ಧ ವರ್ಷ, ಆಮೇಲೆ ಸಿಇಟಿ, ಆಮೇಲೆ ಸೀದಾ ಬೆಂಗಳೂರು. ಇಲ್ಲಿ ಸ್ಕೂಲಿಗೇ ಫಸ್ಟ್ ಬರ್ತಿದ್ದೋಳಿಗೆ ಅಲ್ಲಿ ಮ್ಯಾತ್ಸ್ ಬ್ಯಾಕ್ ಆದ್ರೆ ಹೇಗಿರುತ್ತೆ ಅಂತ ನಂಗೆ ಅರ್ಥ ಆಗುತ್ತೆ, ಅದು ಬರೀ ಒಂದು ಸಬ್ಜೆಕ್ಟ್ ಹೋದಂಗಲ್ಲ, ಇಷ್ಟು ದಿನ ನಾನು ಇಂಥೋಳು ಅಂತ ಅಂದ್ಕೊಂಡಿದ್ದೇ ಅಲ್ಲಾಡಿ ಹೋಗುತ್ತೆ. ಆ ಬೇಜಾರಿಗೆ ಬೆಳಿಗ್ಗೆ ಏಳೋಕಾಗಲ್ಲ, ಏಳ್ದಿದ್ರೆ ಫಸ್ಟ್ ಅವರ್ ತಪ್ಪುತ್ತೆ, 85 ಪರ್ಸೆಂಟ್ ಅಟೆಂಡೆನ್ಸ್ ಇಲ್ದಿದ್ರೆ ಎಕ್ಸಾಂ ಕೂರ್ಸಲ್ಲ ಅನ್ನೋ ಭಯ, ಆ ಭಯಕ್ಕೆ ರಾತ್ರಿ ನಿದ್ದೆ ಇಲ್ಲ, ಮತ್ತೆ ಬೆಳಿಗ್ಗೆ ಏಳೋಕಾಗಲ್ಲ. ಇದು ಸೋಮಾರಿತನ ಅಲ್ಲ ಕಣೆ. ಸೋಮಾರಿ ಆಗಿದ್ರೆ ಆರಾಮಾಗಿ ನಿದ್ದೆ ಮಾಡ್ತಿದ್ದೆ.

ಬ್ಯಾಕ್ ಬಗ್ಗೆ ನಾನು ಹೇಳೋದು ಇಷ್ಟೇ, ಮತ್ತೆ ಬರೆದ್ರೆ ಆಯ್ತು. ಬೇಕಿದ್ರೆ ಟ್ಯೂಷನ್‌ಗೆ ಸೇರ್ಕೋ, ಕನ್ನಡದಲ್ಲಿ ಹೇಳಿಕೊಡೋ ಸೀನಿಯರ್ ಯಾರಾದ್ರೂ ಇದ್ರೆ ನಾಚ್ಕೊಳ್ದೇ ಕೇಳು, ಶಿವಮೊಗ್ಗ ಕಡೆ ಹುಡುಗ್ರು ನಿಮ್ಮ ಕಾಲೇಜಲ್ಲಿ ಇದ್ದೇ ಇರ್ತಾರೆ. ಲೋನ್ ಬಗ್ಗೆ ನೀನು ತಲೆಗೆ ಹಚ್ಕೊಂಡಿದೀಯ ಅಂತ ನಂಗೆ ಗುಮಾನಿ, ಯಾಕಂದ್ರೆ ದುಡ್ಡು ಹಾಕಿದಾಗೆಲ್ಲ "ಇಷ್ಟೊಂದು ಬೇಡಮ್ಮ" ಅಂತೀಯ. ಎಜುಕೇಶನ್ ಲೋನ್ ಕಂತು ಕೋರ್ಸ್ ಮುಗಿದು ಒಂದು ವರ್ಷ ಆದ್ಮೇಲೆ ಶುರುವಾಗೋದು, ಆಗ ಏನು ಅಂತ ನಾವೆಲ್ಲ ಕೂತು ಮಾತಾಡಣ, ಈಗ ಅದು ನಮ್ಮ ಲೆಕ್ಕ, ನಿಂದಲ್ಲ. ಒಂದು ಸೆಮ್ ಬಿಟ್ಟು ಮನೇಲಿ ಇರ್ಬೇಕು ಅನ್ಸಿದ್ರೂ ಸರಿನೇ, ಕಾಲೇಜಲ್ಲಿ ಅದಕ್ಕೇನು ಮಾಡ್ಬೇಕು ಅಂತ ಅಪ್ಪ ಬಂದು ಕೇಳ್ತಾರೆ. ಊರಲ್ಲಿ ಯಾರು ಏನಂತಾರೆ ಅನ್ನೋ ಮಾತು ನಂಗೆ ಬಿಡು, ನಾನು ಇಡೀ ಊರಿನ ಮನೆ ಒಳಗೆ ಹೋಗಿ ಬರೋಳು, ಯಾರ ಮನೇಲಿ ಏನಿದೆ ಅಂತ ಗೊತ್ತಿರೋಳು, ಅವರ ಮಾತಿಗೆ ಹೆದರಲ್ಲ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಅಮ್ಮನಿಗೆ ಎಲ್ಲಾ ಹೇಳ್ಕೋಬೇಕು ಅಂತ ಎಲ್ಲಾ ತಾಯಂದಿರಿಗೂ ಆಸೆ ಇರುತ್ತೆ, ನಂಗೂ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಂಗೆ ಹೇಳಿದ್ರೆ ನಾನು ಅಳ್ತೀನಿ, ರಾತ್ರಿಯೆಲ್ಲ ಎದ್ದು ಕೂರ್ತೀನಿ ಅಂತ ನಿಂಗೊತ್ತು, ಅದಕ್ಕೇ ನುಂಗ್ಕೋತೀಯ. ಹಾಗಾಗಿ ನಂಗೆ ಹೇಳ್ಬೇಡ. ನನ್ನ ಮಗಳು ಕಷ್ಟನ ಯಾರ ಹತ್ರ ಹೇಳ್ಕೊಂಡ್ಲು ಅನ್ನೋದು ನಂಗೆ ಮುಖ್ಯ ಅಲ್ಲ, ಹೇಳ್ಕೊಂಡ್ಲಾ ಇಲ್ವಾ ಅನ್ನೋದಷ್ಟೇ ಮುಖ್ಯ.

ನಿಮ್ಮ ಕಾಲೇಜಲ್ಲಿ ಕೌನ್ಸೆಲರ್ ಇದಾರಾ ವಿಚಾರ್ಸು. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರೋ ಕಡೆ ಒಬ್ಬರನ್ನಾದ್ರೂ ಇಡ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ, ಹಾಗಾಗಿ ಕೇಳೋದು ನಿನ್ನ ಹಕ್ಕು, ಯಾರದ್ದೋ ಉಪಕಾರ ಅಲ್ಲ. ಕಾಲೇಜಿನೋರ ಹತ್ರ ಬೇಡ, ಯಾರಾದ್ರೂ ನೋಡ್ತಾರೆ ಅನ್ಸಿದ್ರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ನಾನು ಎಷ್ಟೋ ಮನೇಲಿ ಈ ನಂಬರ್ ಗೋಡೆ ಕ್ಯಾಲೆಂಡರ್ ಮೇಲೆ ಬರೆದು ಬಂದಿದೀನಿ. ಮೊದ್ಲು ಕೌನ್ಸೆಲರ್ ಮಾತಾಡ್ತಾರೆ, ಅವರಿಗೆ ಇದು ಡಾಕ್ಟರ್ ನೋಡ್ಬೇಕಾದ್ದು ಅನ್ಸಿದ್ರೆ ಡಾಕ್ಟರ್‌ಗೆ ಕೊಡ್ತಾರೆ, ಹತ್ರ ಎಲ್ಲಿ ಹೋಗ್ಬಹುದು ಅಂತನೂ ಹೇಳ್ತಾರೆ. ಎದುರಿಗೇ ಕೂತು ಮಾತಾಡ್ಬೇಕು ಅನ್ಸಿದ್ರೆ ಬಿಟಿಎಂ ಲೇಔಟಲ್ಲಿ ನಿಮ್ಹಾನ್ಸ್‌ನೋರದ್ದೇ ವೆಲ್‌ಬೀಯಿಂಗ್ ಸೆಂಟರ್ ಇದೆ, ಹೊಸೂರು ರೋಡಿನ ದೊಡ್ಡ ಆಸ್ಪತ್ರೆಗೇ ಹೋಗ್ಬೇಕು ಅಂತಿಲ್ಲ.

ಅಲ್ಲಿ ಏನು ಹೇಳ್ಲಿ, ಎಲ್ಲಿಂದ ಶುರು ಮಾಡ್ಲಿ ಅಂತ ಯೋಚ್ನೆ ಆದ್ರೆ "ನಂಗೆ ನಿದ್ದೆ ಸರಿ ಬರ್ತಿಲ್ಲ" ಅಂತ ಶುರು ಮಾಡು, ಮಿಕ್ಕಿದ್ದು ಅವರೇ ಕೇಳ್ತಾರೆ. ಅಳು ಬಂದ್ರೆ ಅತ್ಬಿಡು, ಅವರಿಗೆ ಅದು ಹೊಸದಲ್ಲ. ನೀನು ಹೇಳಿದ್ದನ್ನ ನಮಗಾಗ್ಲಿ ಪ್ರಿನ್ಸಿಪಾಲ್‌ಗಾಗ್ಲಿ ಹೇಳೋ ಹಾಗಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಗೌಪ್ಯತೆ ಹಕ್ಕು ಅಂತಲೇ ಇದೆ, ಜೀವಕ್ಕೆ ಅಪಾಯ ಅನ್ನಿಸಿದಾಗ, ಇಲ್ಲಾ ಕಾಯ್ದೆಲೇ ಹೇಳಿರೋ ಇನ್ನು ಕೆಲವು ಸಂದರ್ಭದಲ್ಲಿ ಮಾತ್ರ ಅವರು ಇನ್ನೊಬ್ಬರಿಗೆ ತಿಳಿಸ್ಬಹುದು, ಅದು ಬೇಕಾದ್ದೇ. ಮೊದಲ ಸಲ ಹೋದೋರು ಇಷ್ಟ ಆಗ್ಲಿಲ್ಲ, ಬರೀ ಬುದ್ಧಿ ಹೇಳಿದ್ರು ಅನ್ಸಿದ್ರೆ ಇನ್ನೊಬ್ಬರ ಹತ್ರ ಹೋಗು, ಒಬ್ಬರು ಸರಿ ಹೋಗ್ಲಿಲ್ಲ ಅಂತ ಎಲ್ಲಾರ್ನೂ ಬಿಡ್ಬೇಡ. ಮೆಡಿಕಲ್ ಶಾಪಲ್ಲಿ ನಿದ್ದೆ ಮಾತ್ರೆ ಮಾತ್ರ ಕೇಳಿ ತಗೋಬೇಡ, ಫ್ರೆಂಡ್ ಕೊಟ್ಲು ಅಂತನೂ ತಗೋಬೇಡ, ಈ ಒಂದು ವಿಷ್ಯದಲ್ಲಿ ನಾನು ಸ್ಟ್ರಿಕ್ಟು.

ಇನ್ನೊಂದು ಕೇಳ್ತೀನಿ, ನೇರವಾಗೇ ಕೇಳ್ತೀನಿ. ಬದುಕಿರೋದೇ ಬೇಡ, ಸತ್ತುಹೋದ್ರೆ ಸಾಕು ಅಂತ ಯಾವಾಗ್ಲಾದ್ರೂ ಅನ್ನಿಸಿದ್ಯಾ? ಇದನ್ನ ಕೇಳಿದ್ರೆ ಇಲ್ದೇ ಇರೋ ಯೋಚ್ನೆ ತಲೆಗೆ ಹಾಕಿದಂಗಾಗುತ್ತೆ ಅಂತ ಜನ ಹೆದರ್ತಾರೆ, ಹಾಗಾಗಲ್ಲ ಅಂತ ನಮಗೆ ಟ್ರೇನಿಂಗಲ್ಲಿ ಡಾಕ್ಟರ್ ಸ್ಪಷ್ಟವಾಗಿ ಹೇಳಿದಾರೆ, ಕೇಳಿದ್ರೆ ಎದುರಿಗಿರೋರಿಗೆ ಭಾರ ಇಳಿಸೋಕೆ ಒಂದು ಬಾಗಿಲು ಸಿಗುತ್ತೆ ಅಂತ. ಅನ್ನಿಸಿದ್ರೆ ಅದು ತಪ್ಪಲ್ಲ, ಪಾಪನೂ ಅಲ್ಲ, ನಿನ್ನ ಮೇಲೆ ನಂಗೆ ಒಂದು ಚೂರೂ ಕೋಪ ಬರಲ್ಲ. ಆದ್ರೆ ಆ ಹೊತ್ತಲ್ಲಿ ರೂಮಲ್ಲಿ ಒಬ್ಬಳೇ ಇರ್ಬೇಡ. ರೂಮ್‌ಮೇಟ್ ಎಬ್ಬಿಸು, ವಾರ್ಡನ್ ಬಾಗಿಲು ಬಡಿ, 14416ಕ್ಕೆ ಮಾಡು, ಇಲ್ಲಾ ನಂಗೆ ಮಾಡು, ನಂಗೆ ಮಾಡಿದ್ರೆ ಏನೂ ಹೇಳ್ಬೇಡ, "ಬಾ" ಅಂತ ಒಂದೇ ಮಾತು ಸಾಕು, ಸಿಕ್ಕ ಗಾಡಿ ಹತ್ತಿ ಹೊರಡ್ತೀನಿ, ಬರೋ ತನಕ ಫೋನಲ್ಲೇ ಇರ್ತೀನಿ.

ನೀನು ಇದನ್ನ ಓದ್ತಾ ಓದ್ತಾ "ಅಮ್ಮ ಎಷ್ಟು ದೂರ ಹೋಗ್ಬಿಟ್ಲು, ನಂಗೆ ಬರೀ ಬೋರಾಗಿತ್ತು" ಅಂದ್ಕೊಂಡ್ರೆ ನಂಗಿಂತ ಖುಷಿಯಾಗೋರು ಯಾರೂ ಇಲ್ಲ. ಹಾಗಿದ್ರೂ ಮಧ್ಯಾಹ್ನ ಊಟ ತಪ್ಪಿಸ್ಬೇಡ, ಮೆಸ್ ಊಟ ಸೇರಲ್ಲ ಅಂದ್ರೆ ಹೊರಗೆ ಅನ್ನ ಸಾರು ತಿನ್ನು, ಅದಕ್ಕೆ ಲೆಕ್ಕ ನೋಡ್ಬೇಡ. ಸಂಜೆ ಕತ್ತಲಾಗೋಕೆ ಮುಂಚೆ ಅರ್ಧ ಗಂಟೆ ನಡಿ, ಜೊತೆಗೆ ಯಾರಾದ್ರೂ ಇದ್ರೆ ಇನ್ನೂ ಒಳ್ಳೇದು. ರಾತ್ರಿ ಮೊಬೈಲ್ ಹಾಸಿಗೆಯಿಂದ ದೂರ ಇಡೋದು ಕಷ್ಟ ಅಂತ ಗೊತ್ತು, ಒಂದು ವಾರ ಮಾಡಿ ನೋಡು.

ಅಪ್ಪ ಮುಂದಿನ ಶನಿವಾರ ಬರ್ತಾರೆ. ಅಡಿಕೆ ಕೊನೆಕೊಯ್ಲು ಶುರುವಾಗಿದೆ, ಆದ್ರೂ ಬರ್ತಾರೆ, ಆಳುಗಳನ್ನ ನಾನು ನೋಡ್ಕೋತೀನಿ. ಕಾಲೇಜಿಗೆ ಬರಲ್ಲ, ಪಿಜಿ ಹತ್ರ ಬಂದು ಫೋನ್ ಮಾಡ್ತಾರೆ, ಮಾರ್ಕ್ಸ್ ಬಗ್ಗೆ ಕೇಳಲ್ಲ, ನಾನು ಹೇಳಿ ಕಳಿಸ್ತಿದೀನಿ. ಕೌನ್ಸೆಲರ್ ಹತ್ರ ಹೋಗೋಕೆ ಜೊತೆ ಬೇಕಿದ್ರೆ ಅವರು ಹೊರಗೆ ಬೆಂಚ್ ಮೇಲೆ ಕೂತಿರ್ತಾರೆ, ಒಳಗೆ ಏನಾಯ್ತು ಅಂತ ಕೇಳಲ್ಲ. ಅವರು ಬರೋದು ಬೇಡ, ಅಮ್ಮನೇ ಬರ್ಲಿ ಅಂದ್ರೆ ಶುಕ್ರವಾರದೊಳಗೆ ಮೆಸೇಜ್ ಹಾಕು, ರಜೆ ಹೇಳ್ಬೇಕು. ಅಜ್ಜಿ ಚಕ್ಕುಲಿ ಕೊಡ್ತಿದಾರೆ, ರೂಮ್‌ಮೇಟ್‌ಗೂ ಸೇರಿಸಿ.

ಇಂತಿ ನಿನ್ನ
ಅಮ್ಮ