ಭಾನುವಾರದ ಕಾರ್ಕಳ ತಿರುಗಾಟಕ್ಕೆ ಮುಂಚೆ: ಕಲ್ಲಿನ ವಯಸ್ಸಿನ ವಿಚಾರ

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಬಂಡೆಗೆ ಕಾರ್ಬನ್ ಪರೀಕ್ಷೆ ಮಾಡಿದರಂತೆ ಎಂಬ ಫಾರ್ವರ್ಡ್ ಅನ್ನು ದಯವಿಟ್ಟು ಇನ್ನು ಇಲ್ಲಿ ಹಾಕಬೇಡಿ. ಆ ಪರೀಕ್ಷೆ ಅಳೆಯುವ ಕಾರ್ಬನ್-14ರ ಅರ್ಧಾಯು, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಸಿಗದು. ಗೊಮ್ಮಟ ನಿಂತದ್ದು 1432ರಲ್ಲಿ. ಆ ಕಲ್ಲು ಹುಟ್ಟಿದ ಲೆಕ್ಕವೇ ಬೇರೆ.

ಗ್ರಾನೈಟ್‌ಗೆ ನೋಡುವುದು ಜಿರ್ಕಾನ್ ಎಂಬ ಹರಳನ್ನು. ಮರಳಿನ ಕಣದಷ್ಟೂ ಇರುವುದಿಲ್ಲ ಕೆಲವು! ಶಿಲಾಪಾಕ (ಕರಗಿದ ಕಲ್ಲು) ಆರುವಾಗ ಅದು ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಯುರೇನಿಯಂ-238ರಲ್ಲಿ ಅರ್ಧ ಸೀಸ-206 ಆಗಲು ಸುಮಾರು 447 ಕೋಟಿ ವರ್ಷ ಬೇಕು. ಈಗ ಒಳಗೆ ಎಷ್ಟು ಸೀಸ, ಎಷ್ಟು ಯುರೇನಿಯಂ ಎಂದು ಅಳೆದರೆ ವಯಸ್ಸು ಸಿಕ್ಕಿತು.

ನೈಸ್ (gneiss) ಎಂಬ ಪಟ್ಟೆಗಲ್ಲಿನಂಥ, ಬಿಸಿ-ಒತ್ತಡಕ್ಕೆ ಸಿಕ್ಕಿ ಬದಲಾದ ರೂಪಾಂತರ ಶಿಲೆಯಲ್ಲೇ ತಕರಾರು. ಮತ್ತೆ ಬೆಂದಾಗ ಹಳೆಯ ಜಿರ್ಕಾನ್ ಸುತ್ತ ಹೊಸ ಪದರ ಬೆಳೆಯುತ್ತದೆ. ನಡುವಿಗೊಂದು ವಯಸ್ಸು, ಅಂಚಿಗೊಂದು. ಅದೇ ಕಲ್ಲಿನ ಕಪ್ಪು ಅಭ್ರಕದಲ್ಲಿ ಪೊಟ್ಯಾಸಿಯಂ-ಆರ್ಗಾನ್ (ಪೊಟ್ಯಾಸಿಯಂ ಕ್ಷಯಿಸಿ ಹುಟ್ಟಿದ ಆರ್ಗಾನ್ ಅನಿಲದ ಲೆಕ್ಕ) ನೋಡಿದರೆ ವಯಸ್ಸು ಇನ್ನೂ ಕಡಿಮೆ ಬರಬಹುದು, ಏಕೆಂದರೆ ಬಿಸಿಗೆ ಆರ್ಗಾನ್ ಸೋರಿಹೋಗುತ್ತದೆ. ಹಾಗಾಗಿ ಯಾರಾದರೂ ಬರೇ ಒಂದು ಸಂಖ್ಯೆ ಹೇಳಿದರೆ, ಯಾವ ಹರಳಿನದು ಎಂದು ಕೇಳಿ.

ಹೋಲಿಕೆಗೆ: ಘಟ್ಟದ ಮೇಲೆ ರಾಮನಗರದ ಕಡೆಯ ಕ್ಲೋಸ್‌ಪೇಟ್ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು, ಗೊರೂರಿನ ನೈಸ್ 330 ಕೋಟಿ. ನಮ್ಮ ಮಲ್ಪೆಯೆದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲು ಬರೇ 8.8 ಕೋಟಿಯ ಆಸುಪಾಸು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ.

ಭೂತಗನ್ನಡಿ, ಕೊಡೆ, ನೀರು ತನ್ನಿ. ಸುತ್ತಿಗೆ ಬೇಡ, ಅದು ಸಂರಕ್ಷಿತ ಸ್ಮಾರಕ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.