ಅಪ್ಪನ ಹೆಸರಿಗೊಂದು ಬಿಳಿಯ ದೀಪ

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮುಗಿಸಿ ಶಿಡ್ಲಘಟ್ಟದ ಮನೆಗೆ ಮರಳಿದ್ದೇನೆ. ಪದವಿ ಬಂದದ್ದಕ್ಕೆ ಶುಭ ಕೋರಿದ ಎಲ್ಲರಿಗೂ ವಂದನೆಗಳು. ಅಪ್ಪ ತೀರಿಕೊಂಡದ್ದು ಹೇಗೆ, ಆಗ ನನಗೆ ಬರಲಾಗದೆ ಹೋದದ್ದು ಏಕೆ ಎಂಬುದು ಇದನ್ನು ಓದುವ ಬಹುತೇಕರಿಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆ ಬಳಿಕ ನನ್ನನ್ನು ಕಾಪಾಡಿದವರ ವಿಷಯವನ್ನು, ಅದರಲ್ಲೂ 2024ರ ಮೇ 15ರಂದು ಅಲ್ಲಿ ಗೆಳತಿಯರೊಡನೆ ಕಳೆದ ಬುದ್ಧ ಜಯಂತಿಯ ವಿಷಯವನ್ನು ಹೇಳಬೇಕಾಗಿದೆ.

ಅಮ್ಮನ ಜೊತೆ ಹಗಲಿರುಳು ಇದ್ದ ಚಿಕ್ಕಪ್ಪ ಚಿಕ್ಕಮ್ಮ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಅಪ್ಪನ ಬಿಚ್ಚಾಣಿಕೆ ಘಟಕ ನಿಲ್ಲದಂತೆ ನೋಡಿಕೊಂಡ ಅಕ್ಕಪಕ್ಕದ ರೀಲರುಗಳು, ಪ್ರಬಂಧ ಒಪ್ಪಿಸುವ ಗಡುವನ್ನು ಕೇಳುವ ಮೊದಲೇ ಮುಂದೂಡಿಕೊಟ್ಟ ಮಾರ್ಗದರ್ಶಕರು, ಇವರೆಲ್ಲರಿಗೂ ನಾನು ಋಣಿ. ಇವರನ್ನು ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಯಾರೂ ಬೇಸರಿಸುವುದಿಲ್ಲವೆಂದು ಬಲ್ಲೆ.

ಉಳಿದದ್ದೆಲ್ಲ ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯಲ್ಲಿದ್ದ ಕೊರಿಯಾದ ಗೆಳತಿಗೆ ಸಲ್ಲಬೇಕು. ವಯಸ್ಸಿನಲ್ಲಿ ಹಿರಿಯರನ್ನು ಬರಿಯ ಹೆಸರು ಹಿಡಿದು ಕರೆಯುವ ರೂಢಿ ಅಲ್ಲಿಯೂ ಇಲ್ಲ; ಹಾಗಾಗಿ ಅವಳು ನನಗೆ ಮೊದಲಿನಿಂದಲೂ ಅಕ್ಕನೇ. ಊರಿನಲ್ಲಿ ಸಂಜೆ ಆರಕ್ಕೆ ಅಪ್ಪನನ್ನು ಎತ್ತುವಾಗ ಅಲ್ಲಿ ರಾತ್ರಿ ಒಂಬತ್ತೂವರೆ. ತಮ್ಮ ಹಿಡಿದಿದ್ದ ಮೊಬೈಲಿನಿಂದ ಚಿತ್ರ ಕಡಿದು ಕಡಿದು ಬರುತ್ತಿತ್ತು. ನನ್ನ ಕೈ ನಡುಗತೊಡಗಿದಾಗ ಅಕ್ಕ ಒಂದು ಮಾತನ್ನೂ ಆಡದೆ ಫೋನನ್ನು ತಾನೇ ಹಿಡಿದುಕೊಂಡು, ಎಲ್ಲ ಮುಗಿಯುವವರೆಗೆ ಹಾಗೆಯೇ ಕುಳಿತಳು. ಆಮೇಲೆ, ನಿಮ್ಮಲ್ಲಿ ಮುಂದೇನು ಮಾಡುತ್ತಾರೆ ಎಂದಷ್ಟೇ ಕೇಳಿದಳು. ತಲೆಗೆ ಸ್ನಾನ ಮಾಡುತ್ತಾರೆ ಎಂದೆ. ಎದ್ದು ಹೋಗಿ ಬಿಸಿನೀರು ಬಿಟ್ಟು, ಒಗೆದ ಬಟ್ಟೆ ತೆಗೆದಿಟ್ಟು, ಬಾಗಿಲ ಹೊರಗೆ ಕಾದಿದ್ದಳು. ನಡುರಾತ್ರಿ ಅಕ್ಕಿಯ ಗಂಜಿ ಕಾಯಿಸಿ ತಂದಳು. ಬೆಳಗಿನವರೆಗೂ ದೀಪ ಆರಿಸಲಿಲ್ಲ, ಮಲಗು ಎಂದೂ ಹೇಳಲಿಲ್ಲ. ಮಲಗು ಎನ್ನದಿದ್ದುದೇ ನನಗೆ ದೊಡ್ಡ ಉಪಕಾರವಾಯಿತು. ಅಪ್ಪನ ಮುಖವನ್ನು ಕೊನೆಯ ಬಾರಿ ಕಂಡದ್ದು ಅಂಗೈಯಗಲದ ಗಾಜಿನ ಮೇಲೆ ಎಂಬ ಸಂಕಟ ಇನ್ನೂ ಹೋಗಿಲ್ಲ. ಹೋಗಲೆಂದು ಕಾಯುತ್ತಲೂ ಇಲ್ಲ.

ಕೊರಿಯಾದಲ್ಲಿ ಬುದ್ಧ ಹುಟ್ಟಿದ ದಿನವನ್ನು ಚಾಂದ್ರಮಾನದ ನಾಲ್ಕನೆಯ ತಿಂಗಳ ಎಂಟನೆಯ ದಿನ ಆಚರಿಸುತ್ತಾರೆ. ಆ ವರ್ಷ ನಮ್ಮ ಬುದ್ಧ ಪೂರ್ಣಿಮೆ ಬಂದದ್ದು ಮೇ 23ಕ್ಕೆ. ಅಲ್ಲಿ 1975ರಿಂದ ಅದು ಸಾರ್ವಜನಿಕ ರಜೆ. ಹಬ್ಬಕ್ಕೆ ವಾರಗಳ ಮೊದಲೇ ಬೀದಿಗಳ ಮೇಲೆ ಕಮಲದಾಕಾರದ ದೀಪಗಳು ತೂಗಾಡತೊಡಗುತ್ತವೆ. 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ದೀಪೋತ್ಸವದ ಮೆರವಣಿಗೆ ಜೊಂಗ್ನೊ ಬೀದಿಯಲ್ಲಿ ಸಾಗುವುದನ್ನು ನೋಡಲು ಜನ ಗಂಟೆಗಟ್ಟಲೆ ನಿಂತಿರುತ್ತಾರೆ. ನನಗೆ ಅದು ಯಾವುದೂ ಬೇಕಿರಲಿಲ್ಲ. ಊರಿನಲ್ಲಿ ತಮ್ಮ ಹನ್ನೊಂದನೆಯ ದಿನದ ಕಾರ್ಯವನ್ನು ಮುಗಿಸಿದ್ದ. ಆದರೆ ತಮ್ಮಲ್ಲಿ ತೀರಿಕೊಂಡವರಿಗಾಗಿ ನಲವತ್ತೊಂಬತ್ತು ದಿನ ಪ್ರಾರ್ಥಿಸುತ್ತಾರೆ, ಹಬ್ಬ ಆ ಅವಧಿಯಲ್ಲಿಯೇ ಬರುತ್ತದೆ, ಬದುಕಿರುವವರಿಗೆ ಬಣ್ಣದ ದೀಪ ಕಟ್ಟಿಸಿದರೆ ಅಗಲಿದವರಿಗೆ ಬಿಳಿಯ ದೀಪ ಕಟ್ಟಿಸುತ್ತಾರೆ ಎಂದು ಅಕ್ಕ ಹೇಳಿದಳು. ನಿನ್ನ ಅಪ್ಪನ ಹೆಸರಿಗೂ ಒಂದು ಕಟ್ಟಿಸೋಣವೇ ಎಂದು ಕೇಳಿದಳು.

ನನಗೆ ಒಂದು ಅಳುಕಿತ್ತು. ಅಪ್ಪ ಜೀವಮಾನವಿಡೀ ಗೂಡು ಬೇಯಿಸಿ ನೂಲು ತೆಗೆದವನು. ಒಳಗೆ ಹುಳುವಿರುವಾಗಲೇ ಗೂಡನ್ನು ಕುದಿನೀರಿಗೆ ಹಾಕದಿದ್ದರೆ ಎಳೆ ತುಂಡಾಗದೆ ಬರುವುದಿಲ್ಲ. ನನ್ನ ಓದಿನ ಖರ್ಚು ಹುಟ್ಟಿದ್ದೂ ಅದೇ ನೀರಿನಲ್ಲಿ. ಅಹಿಂಸೆ ಬೋಧಿಸಿದವನ ಅಂಗಳದಲ್ಲಿ ಅಂಥವನ ಹೆಸರು ತೂಗಬಹುದೇ ಎಂದು ಅವಳನ್ನೇ ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, ಚೀಟಿಯಲ್ಲಿ ಹೆಸರು ಬರೆಯಲು ಜಾಗವಿದೆ, ಕಸುಬು ಬರೆಯಲು ಜಾಗವಿಲ್ಲ ಎಂದಳು.

ಜೋಗ್ಯೇಸಾ ದೇವಾಲಯದ ಅಂಗಳದಲ್ಲಿ ಆಕಾಶವೇ ಕಾಣದಷ್ಟು ದೀಪಗಳು. ಕಾಣಿಕೆಯ ಹಣವನ್ನು ನೇಪಾಳದ ಹಾಗೂ ವಿಯೆಟ್ನಾಮಿನ ಗೆಳತಿಯರು ನನಗೆ ತಿಳಿಸದೆ ಮೊದಲೇ ಹೊಂದಿಸಿದ್ದರು. (ಬುದ್ಧ ಹುಟ್ಟಿದ ಲುಂಬಿನಿ ತಮ್ಮ ದೇಶದಲ್ಲಿದೆ ಎಂದು ನೇಪಾಳದವಳು ಅಂದು ಸಿಕ್ಕವರಿಗೆಲ್ಲ ಹೇಳಿದಳು, ಅದು ನಿಜವೂ ಹೌದು.) ಮೇಜಿನ ಹಿಂದೆ ಕುಳಿತಿದ್ದ ವೃದ್ಧೆಯೊಬ್ಬರು ನನ್ನ ಕೈಗೇ ಪೆನ್ನು ಕೊಟ್ಟರು. ಕೊರಿಯಾದ ಲಿಪಿಯ ಚೀಟಿಗಳ ಸಾಲಿನಲ್ಲಿ ಅಪ್ಪನ ಹೆಸರನ್ನು ಕನ್ನಡದಲ್ಲಿ ಬರೆದೆ. ಅವರಿಗೆ ಅದು ಓದಲು ಬರುವಂತಿರಲಿಲ್ಲ. ಆದರೂ ಸಾಲಿನ ಮೇಲೆ ಬೆರಳಾಡಿಸಿ, ಮೇಲೆ ಕೆಳಗೆ ಯಾವುದೆಂದು ನನ್ನಿಂದ ಖಾತ್ರಿ ಮಾಡಿಕೊಂಡು, ಚೀಟಿ ತಲೆಕೆಳಗಾಗದಂತೆ ಕಟ್ಟಿಸಿದರು. ಆಮೇಲೆ ಹೂಗಳ ನಡುವೆ ನಿಂತ ಬಾಲ ಬುದ್ಧನಿಗೆ ಸೌಟಿನಿಂದ ನೀರೆರೆದು, ಉದ್ದದ ಸಾಲಿನಲ್ಲಿ ನಿಂತು, ದೇವಾಲಯದವರು ಬಡಿಸಿದ ಸೊಪ್ಪು ತರಕಾರಿ ಕಲಸಿದ ಅನ್ನ, ಬಿಬಿಂಬಾಪ್, ಉಂಡೆವು.

ಹಿಂದಿರುಗುವಾಗ ಬೀದಿಯ ಗಾಡಿಯೊಂದರಲ್ಲಿ ಬೊಂದೆಗಿ ಬೇಯುತ್ತಿತ್ತು. ರೇಷ್ಮೆಹುಳುವಿನ ಕೋಶವನ್ನು ಅಲ್ಲಿ ತಿನ್ನಲು ಮಾರುತ್ತಾರೆ. ಶಿಡ್ಲಘಟ್ಟದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಅದು ಅಪ್ಪನ ಅಂಗಿಯ ವಾಸನೆ. ಚಿಕ್ಕವಳಿದ್ದಾಗ ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಅಂದು ಆ ಗಾಡಿಯ ಪಕ್ಕದಲ್ಲಿ ನಿಂತು, ಸುದ್ದಿ ಬಂದ ದಿನವೂ ಅಳದಷ್ಟು ಅತ್ತೆ. ಅಕ್ಕ ಗಾಡಿಯವನಿಗೆ ಏನೋ ಹೇಳಿದಳು. ಅವನು ಒಲೆ ತಗ್ಗಿಸಿ ಕೂರಲು ಸ್ಟೂಲು ಕೊಟ್ಟ. ಅವನಿಗೂ ನನ್ನ ವಂದನೆ ಸಲ್ಲಬೇಕು.

ಅಕ್ಕ ಕನ್ನಡ ಓದಲಾರಳು. ಇದನ್ನು ಅವಳಿಗೆ ಫೋನಿನಲ್ಲಿ ವಿವರಿಸಿ ಹೇಳುತ್ತೇನೆ. ಬರುವ ಚಳಿಗಾಲದ ರಜೆಯಲ್ಲಿ ಅವಳು ನಮ್ಮಲ್ಲಿಗೆ ಬರುವುದಾಗಿ ಒಪ್ಪಿದ್ದಾಳೆ. ಗೂಡಿನ ಮಾರುಕಟ್ಟೆಯನ್ನು ತೋರಿಸುವ ಹೊಣೆ ತಮ್ಮನದು. ಮುದ್ದೆ ಬಸ್ಸಾರನ್ನು ಮೊದಲ ದಿನವೇ ಬಡಿಸಬೇಕೇ, ಎರಡು ದಿನ ಅನ್ನ ಹಾಕಿ ಒಗ್ಗಿಸಬೇಕೇ ಎಂಬ ಚರ್ಚೆ ಅಮ್ಮ ಚಿಕ್ಕಮ್ಮನ ನಡುವೆ ಈಗಾಗಲೇ ನಡೆದಿದೆ.