ಜಗಳ ಗಡಿಯಾರದಲ್ಲಿದೆ

ಪ್ರೀತಿಯ ತಮ್ಮಾ,

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಡಾಕ್ಯುಮೆಂಟರಿ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಶುರುವಿನಲ್ಲಿ ಬರೀ ವೈಭವ. ಎಷ್ಟು ಆಲ್ಬಂ ಮಾರಾಟವಾಯಿತು, 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನ ಹೇಗೆ ತುಂಬಿತು, ಇದೇ ಆಯಿತು. ಕಷ್ಟದ ಕಾಲ ಬಂದಾಗ ಮಾತ್ರ 'ಅಹಂಕಾರ, ಕುಡಿತ, ಬಿರುಕು' ಅಂತ ಮೂರೇ ಪದದಲ್ಲಿ ಕೈತೊಳೆದುಕೊಂಡಿದ್ದೀಯ. ಯಾವ ಬ್ಯಾಂಡಿಗೆ ಬೇಕಾದರೂ ಇದನ್ನು ಅಂಟಿಸಬಹುದು, ಅಲ್ವಾ?

'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಎಂಬ ಆ ಡಾಕ್ಯುಮೆಂಟರಿಯನ್ನು ಇನ್ನೊಂದು ಸಲ ನೋಡು. 2001ರ ಶುರುವಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ಬಿಟ್ಟು ಹೋದ. ಅದೇ ವರ್ಷ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದ. ವಾಪಸ್ ಬಂದಾಗ ಒಂದು ಷರತ್ತು: ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ. ಆಮೇಲೆ ಉಳಿದವರು ತನ್ನನ್ನು ಬಿಟ್ಟು ರೆಕಾರ್ಡಿಂಗ್ ಕೇಳಿದರೂ ಅವನಿಗೆ ಸಿಟ್ಟು. ಡ್ರಮ್ಸ್ ಬಾರಿಸುವ ಲಾರ್ಸ್ ಉಲ್ರಿಕ್ ಕೋಣೆಯೊಳಗೆ ಅತ್ತಿಂದಿತ್ತ ಓಡಾಡುತ್ತಾನೆ. ಕೊನೆಗೆ ಹೆಟ್‌ಫೀಲ್ಡ್‌ನ ಮುಖಕ್ಕೆ ಮುಖ ಕೊಟ್ಟು ಒಂದು ಬೈಗುಳ ಕಿರುಚುತ್ತಾನೆ. ಇಪ್ಪತ್ತು ವರ್ಷ ಜೊತೆಗಿದ್ದವರು! ಜಗಳ ಇರುವುದು ಯಜಮಾನಿಕೆಗೆ, ಬಾಯಲ್ಲಿ ಬರುವುದು ಟೈಮಿನ ಮಾತು. ನಿನ್ನ ಲೇಖನ ಇಲ್ಲಿಂದ ಶುರುವಾಗಲಿ.

ಲಾರ್ಸ್‌ನ ಅಪ್ಪನನ್ನು ನೀನು ಒಂದೇ ಸಾಲಿನಲ್ಲಿ ದಾಟಿದ್ದೀಯ. ಹಳೆಯ ಟೆನಿಸ್ ಆಟಗಾರ, ಉದ್ದ ಗಡ್ಡ, ಮೆಲುದನಿ. ಮಗ ಹೊಸ ರೆಕಾರ್ಡಿಂಗ್ ಕೇಳಿಸಿದರೆ 'ಅಳಿಸಿಬಿಡು' ಎನ್ನುತ್ತಾರೆ ಯಜಮಾನರು. ಪ್ರಪಂಚವನ್ನೆಲ್ಲ ಕುಣಿಸುವ ಡ್ರಮ್ಮರ್ ಅಪ್ಪನ ಎದುರು ಹೇಗೆ ಕೂತಿರುತ್ತಾನೆ ಅಂತ ನೋಡು, ಹಾಗೇ ಬರಿ. ವಿಶ್ಲೇಷಣೆ ಸೇರಿಸಲು ಹೋಗಬೇಡ.

ಬ್ಯಾಂಡಿನವರ ಮನಸ್ತಾಪ ಸರಿಮಾಡಲು ಬಂದು ತಿಂಗಳಿಗೆ 40,000 ಡಾಲರ್ ಪಡೆಯುತ್ತಿದ್ದ ಥೆರಪಿಸ್ಟ್ ಮೇಲಿನ ನಿನ್ನ ಜೋಕಿಗೆ ನಾನೂ ನಕ್ಕೆ. ಒಂದು ಇರಲಿ, ಮೂರು ಜಾಸ್ತಿಯಾಯಿತು. ಬ್ಯಾಂಡಿನವರು ಇನ್ನು ಸಾಕು ಎಂದಾಗ ಹೊರಡಲು ಮನಸ್ಸಿಲ್ಲದೆ ಒದ್ದಾಡುವವನು ಅವನೇ. ಅದನ್ನು ಬಿಟ್ಟಿದ್ದೀಯಲ್ಲ! ಬ್ಯಾಂಡಿನ ಹಳೆಯ ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನೂ ಸುಮ್ನೆ ಆಡಿಕೊಳ್ಳಬೇಡ. 1983ರಲ್ಲಿ ತನ್ನನ್ನು ಹೊರಹಾಕಿದವರಲ್ಲಿ ಒಬ್ಬನಾದ ಲಾರ್ಸ್‌ನ ಮುಂದೆ, ಸ್ವಂತ ಬ್ಯಾಂಡ್ ಕಟ್ಟಿ ಗೆದ್ದ ಮೇಲೂ, ಕಣ್ಣು ತುಂಬಿಕೊಂಡು ಕೂರುತ್ತಾನಲ್ಲ, ಅದು ತಮಾಷೆಯಲ್ಲ.

ಇನ್ನೊಂದು ವಿಷಯ ನಿನ್ನ ಬರಹದಲ್ಲಿ ಎಲ್ಲೂ ಇಲ್ಲ. ಈ ಸಿನಿಮಾದ ಖರ್ಚನ್ನು ಕೊನೆಗೆ ಹೊತ್ತುಕೊಂಡಿದ್ದು ಬ್ಯಾಂಡಿನವರೇ. ತಮ್ಮ ಮಾನ ಹೋಗುವ ದೃಶ್ಯಗಳಿಗೆ ಕತ್ತರಿ ಹಾಕಿಸಬಹುದಿತ್ತು, ಹಾಕಿಸಲಿಲ್ಲ. ಅದು ಧೈರ್ಯವೋ, ಹೊಸ ಬಗೆಯ ಪ್ರಚಾರವೋ? ನನಗೆ ಎರಡೂ ಅನಿಸುತ್ತದೆ. ನಿನಗೆ ಅನಿಸಿದ್ದನ್ನು ಸೇರಿಸಿ, ಮೈದಾನದ ವರ್ಣನೆ ತೆಗೆದು ಮತ್ತೆ ಕಳಿಸು.

ನಿನ್ನ,
ಅಣ್ಣ